ಎರಡೊಳೆ ಕಲ್ಲಿನ ನೆರಳು

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಮನೆ ಹುಡುಕಿಕೊಂಡು ಬಂದು ಕೇಳುವ ಮೊದಲ ಪ್ರಶ್ನೆ, "ಮೇಡಂ, ಕ್ಷುದ್ರಗ್ರಹ ನೋಡೋಕೆ ಹೇಗಿರುತ್ತೆ?" ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷ ಅವುಗಳ ಬೆನ್ನು ಹತ್ತಿದವಳು ನಾನು, ಒಂದನ್ನೂ ನೆಟ್ಟಗೆ ನೋಡಿಲ್ಲ. ನೋಡಿದ್ದೆಲ್ಲ ನಕ್ಷತ್ರಗಳನ್ನು. ಅವು ಇದ್ದಕ್ಕಿದ್ದಂತೆ ಇಲ್ಲವಾಗುವುದನ್ನು, ಮತ್ತೆ ಬರುವುದನ್ನು ಕಾಯುವುದೇ ನಮ್ಮ ನೌಕರಿ. ಇದನ್ನು ಮೊದಲೇ ತಿಳಿದುಕೊಂಡು ಸೇರಿದರೆ ಒಳ್ಳೆಯದು, ಆಮೇಲೆ ನನ್ನ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕೂರಬಾರದು.

ಹಾಸನದ ಹತ್ತಿರ ಬೂವನಹಳ್ಳಿ ದಾಟಿದ ಮೇಲೆ ಒಂದು ಟ್ರಸ್ಟಿನವರು ಕಟ್ಟಿಸಿದ್ದ ಸಣ್ಣ ವೀಕ್ಷಣಾಲಯದಲ್ಲಿ ನಾನಿದ್ದೆ. ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಬಂಡೆಗಳಲ್ಲಿ ಒಂದು ಯಾವುದೋ ನಕ್ಷತ್ರಕ್ಕೆ ಅಡ್ಡ ಬಂದರೆ, ಅದರ ನೆರಳು ಭೂಮಿಯ ಮೇಲೆ ಪಟ್ಟಿಯ ಹಾಗೆ ಹರಿದು ಹೋಗುತ್ತದೆ. ಬಂಡೆ ಎಷ್ಟು ಅಗಲವೋ ನೆರಳೂ ಅಷ್ಟೇ ಅಗಲ. ಆ ಪಟ್ಟಿಯಲ್ಲಿ ನಿಂತವರಿಗೆ ನಕ್ಷತ್ರ ಕೆಲವು ಸೆಕೆಂಡು ಮಾಯವಾಗುತ್ತದೆ, ಆಚೆ ನಿಂತವರಿಗೆ ಏನೂ ಆಗುವುದಿಲ್ಲ. ಊರೂರಿನ ತಾರಸಿಯ ಮೇಲೆ ಒಬ್ಬೊಬ್ಬರನ್ನು ನಿಲ್ಲಿಸಿ, ಯಾರಿಗೆ ಎಷ್ಟು ಹೊತ್ತು ಮಾಯವಾಯಿತು ಎಂದು ಕೂಡಿಸಿದರೆ ಬಂಡೆಯ ಆಕಾರ ಸಿಗುತ್ತದೆ. ಜನರನ್ನು ಹುಡುಕುವುದು, ಕಲಿಸುವುದು, ನಿಲ್ಲಿಸುವುದು ನನ್ನ ಪಾಲಿನ ಕೆಲಸ.

ಕೇಳಲು ಸುಲಭ. ಆದರೆ ನೆರಳಿನ ದಿನ ಬೆಳಿಗ್ಗೆಯಿಂದ ನನಗೆ ಅನ್ನ ಇಳಿಯುತ್ತಿರಲಿಲ್ಲ. ಮೋಡ ಬಂದರೆ? ಹೇಮಾವತಿಯ ಕಡೆಯಿಂದ ಮಂಜು ಎದ್ದರೆ? ಅರಕಲಗೂಡಿನಲ್ಲಿ ಬೀದಿದೀಪ ಆರಿಸದಿದ್ದರೆ? ನಿಂತವರು ಬೇರೆ ನಕ್ಷತ್ರ ನೋಡುತ್ತಾ ಕೂತುಬಿಟ್ಟರೆ? ಸೂರ್ಯಗ್ರಹಣ ತಪ್ಪಿದರೆ ಇನ್ನೊಂದು ಬರುತ್ತದೆ ಅಂತ ಸಮಾಧಾನ ಹೇಳಬಹುದು. ಆ ಬಂಡೆ ಆ ನಕ್ಷತ್ರಕ್ಕೆ ನಮ್ಮ ಊರಿನ ಮೇಲೆ ಮತ್ತೆ ಅಡ್ಡ ಬರುವುದನ್ನು ನಮ್ಮ ಮೊಮ್ಮಕ್ಕಳೂ ಕಾಣುವುದಿಲ್ಲ. ನಾನು ಹುಟ್ಟಾ ಪುಕ್ಕಲು. ಇಂಥವಳಿಗೆ ಈ ಕೆಲಸ ಕೊಟ್ಟದ್ದು ಹೆದರಿದವಳ ಮೇಲೆ ಹಾವು ಎಸೆದ ಹಾಗಾಗಿತ್ತು.

ಸೇರಿದ ಹೊಸದರಲ್ಲಿ ದುದ್ದದಲ್ಲಿ ಆದ ಕಥೆ ಹೇಳಬೇಕು. ಅಲ್ಲಿ ರಂಗೇಗೌಡರು ಅಂತ ಒಬ್ಬರು, ತೆಂಗು, ಹಸು, ಹಾಲಿನ ಡೈರಿ ಎಂದು ಸದಾ ಓಡಾಡುವ ಮನುಷ್ಯ, ತಮ್ಮ ತಾರಸಿ ಕೊಟ್ಟಿದ್ದರು. ತಾವೇ ದೂರದರ್ಶಕದ ಮುಂದೆ ಕೂರುತ್ತೇನೆ ಎಂದು ಹಟ ಹಿಡಿದು ಕಲಿತರು. ನೆರಳು ಮುಗಿದ ಮೇಲೆ ಹೋದರೆ ಮುದ್ದೆ, ಹುರುಳಿಕಾಳು ಸಾರು ಕಾದಿತ್ತು. "ಕಂಡ್ತಾ ಗೌಡ್ರೇ?" ಎಂದೆ. "ಕಂಡೆ ಕಣವ್ವ. ಒಂದೆಲ್ಡು ಗಳಿಗೆ ಮುಚ್ಕಂತು, ಆಮೇಕೆ ತಕ್ಕಂತು," ಎಂದರು. ನಾವು ಸಂತೋಷವಾಗಿ ಉಂಡು ಬಂದೆವು.

ವಾರವಾದ ಮೇಲೆ ನಮ್ಮ ನಿರ್ದೇಶಕರು ರಾಮಸ್ವಾಮಿಗಳು ನನ್ನನ್ನು ಕರೆದರು. ಅವರು ಕಡಿಮೆ ಮಾತಿನ, ಹೆಚ್ಚು ಮೊನಚಿನ ಮನುಷ್ಯ. ಪರದೆಯ ಮೇಲೆ ಬಂಡೆಯ ಚಿತ್ರ ಇತ್ತು. ದುಂಡಗಿನ ಬಂಡೆಗೆ ಒಂದು ಕಡೆ ಬುಗುಟೆ ಎದ್ದ ಹಾಗೆ ಉಬ್ಬು. "ದುದ್ದ ನೆರಳಿನ ಪಟ್ಟಿಯೊಳಗೇ ಇರಲಿಲ್ಲ. ನಿಮ್ಮ ಗೌಡರ ಮರ್ಯಾದೆಗೆ ಆಕಾಶದಲ್ಲಿ ಒಂದು ಗುಡ್ಡ ಎದ್ದಿದೆ ನೋಡಿ," ಎಂದರು. ನಾನು ಓಡಿದೆ ದುದ್ದಕ್ಕೆ. ಗೌಡರು ತಲೆ ತಗ್ಗಿಸಿದರು. "ಅಷ್ಟು ದೂರದಿಂದ ಬಂದಿದ್ರಿ. ಮನೆ ಬಾಗ್ಲಿಗೆ ಬಂದೋರಿಗೆ ಇಲ್ಲ ಅನ್ನೋದೆಂಗವ್ವ? ಬಾಯೇ ಬರ್ನಿಲ್ಲ."

ಇದನ್ನು ನಗುವ ವಿಷಯ ಅಂದುಕೊಳ್ಳಬೇಡಿ. ನಮ್ಮ ಸೀಮೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಅನ್ನುವುದಿಲ್ಲ, ತುಂಬಿದೆ ಅನ್ನುತ್ತೇವೆ. ಹೊರಟವರು ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾರೆ. ಇಂಥ ಜನರಿಂದ "ಇಲ್ಲ, ಏನೂ ಕಾಣಲಿಲ್ಲ" ಎಂಬ ಮಾತನ್ನು ಹೊರಡಿಸುವುದು ಕಲ್ಲಿನಿಂದ ನಾರು ತೆಗೆದ ಹಾಗೆ. ಆದರೆ ನಮಗೆ ಆ ಇಲ್ಲವೇ ಬೇಕು. ಕಂಡವರಷ್ಟೇ ಕಾಣದವರೂ ಮುಖ್ಯ.

ಅಂದಿನಿಂದ ರಾಮಸ್ವಾಮಿಗಳು ಒಂದು ಕಟ್ಟುನಿಟ್ಟು ಮಾಡಿದರು. ಎಲ್ಲರೂ ಧ್ವನಿ ಮುದ್ರಿಸಬೇಕು. ನಕ್ಷತ್ರ ಮಾಯವಾದ ಕ್ಷಣ "ಹೋಯ್ತು" ಎನ್ನಬೇಕು, ಮರಳಿದ ಕ್ಷಣ "ಬಂತು" ಎನ್ನಬೇಕು. ಬೇರೆ ಒಂದು ಮಾತೂ ಕೂಡದು. ಪಕ್ಕದಲ್ಲಿ ನಿಂತವರೂ ತುಟಿ ಬಿಚ್ಚಬಾರದು. ಮೊದಲೆಲ್ಲ ರೇಡಿಯೋದಲ್ಲಿ ಬರುವ ಕಾಲಸೂಚಕ ಶಬ್ದದ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕೂಗುತ್ತಿದ್ದೆವು. ಆಮೇಲೆ ಉಪಗ್ರಹದಿಂದ ಸಮಯ ಹಿಡಿದು ಸೆಕೆಂಡಿಗೊಮ್ಮೆ ಟಿಕ್ ಅನ್ನುವ ಡಬ್ಬಿ ಬಂತು, ಟೇಪಿನ ಬದಲು ಮೊಬೈಲು ಬಂತು. ಕೊನೆಗೆ ದೂರದರ್ಶಕಕ್ಕೆ ಹಚ್ಚುವ ಕ್ಯಾಮೆರಾ ಬಂದು ಮನುಷ್ಯರ ಬಾಯಿಯೇ ಬೇಡವಾಯಿತು. ಆದರೂ ನಾನು ಧ್ವನಿಮುದ್ರಣ ಬಿಡಿಸಲಿಲ್ಲ. ಯಂತ್ರವನ್ನು ನಂಬಿ ಕೂತರೆ ಯಾವತ್ತು ಕೈಕೊಡುತ್ತದೋ ಎಂಬ ಭಯ ನನಗೆ.

ಆ ಟಿಕ್ ಡಬ್ಬಿಯ ದೆಸೆಯಿಂದ ಚನ್ನರಾಯಪಟ್ಟಣದಲ್ಲಿ ಪೊಲೀಸರೂ ಬಂದರು. ನಮ್ಮ ವೀಕ್ಷಕ ಮಂಜುನಾಥ, ಬ್ಯಾಂಕಿನ ಗುಮಾಸ್ತ, ತಾರಸಿಯಲ್ಲಿ ಕತ್ತಲಲ್ಲಿ ಕೂತು ಟಿಕ್ ಟಿಕ್ ಅನ್ನಿಸುತ್ತಿದ್ದುದು ಪಕ್ಕದ ಮನೆಯವರ ಕಿವಿಗೆ ಬಿದ್ದು ಅವರು ಫೋನ್ ಮಾಡಿದ್ದರು. ಪೇದೆ ಮೆಟ್ಟಿಲು ಹತ್ತಿ ಬಂದು, "ಏನ್ಲಾ ಅದು, ಯಾರ್ಲಾ ನೀನು?" ಎಂದರೂ ಇವನು ಕಣ್ಣು ತೆಗೆಯಲಿಲ್ಲ, ಉತ್ತರ ಕೊಡಲಿಲ್ಲ. ನೆರಳು ಮುಗಿದ ಮೇಲೇ ಎದ್ದು, "ಈಗ ಯೋಳಿ ಸಾ," ಎಂದನಂತೆ. ಠಾಣೆಗೆ ಹೋಗಿ ಬಿಡಿಸಿಕೊಂಡು ಬಂದದ್ದು ನಾನು. ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಇನ್ನು ನನ್ನ ನೌಕರಿಯ ದೊಡ್ಡ ನೆರಳಿಗೆ ಬರುತ್ತೇನೆ.

ಇಂಟೆರಾಮ್ನಿಯಾ ಎಂಬ ಬಂಡೆ ಮಂಗಳ ಗುರುಗಳ ನಡುವಿನ ಆ ಬಂಡೆಗಳ ಸಾಲಿನ ಹೊರ ಅಂಚಿನಲ್ಲಿ, ಗುರುವಿನ ಕಡೆಗೆ ಸುತ್ತುತ್ತದೆ. ಬಂಡೆ ಅನ್ನುವುದು ನಮ್ಮ ಕೊಬ್ಬು. ಹಾಸನದಲ್ಲಿ ಒಂದು ತುದಿ ಇಟ್ಟರೆ ಇನ್ನೊಂದು ತುದಿ ಹುಬ್ಬಳ್ಳಿ ಧಾರವಾಡ ದಾಟುತ್ತದೆ. ಅಷ್ಟು ದೊಡ್ಡದಾದರೂ ಮಸಿಯಂತೆ ಕಪ್ಪು, ನಕ್ಷತ್ರದ ಪಕ್ಕದಲ್ಲಿ ನಮ್ಮ ಸಣ್ಣ ದೂರದರ್ಶಕಗಳಿಗೆ ಕಾಣುವುದೇ ಇಲ್ಲ. ನೂರು ವರ್ಷಕ್ಕೂ ಹಿಂದೆ ಇಟಲಿಯ ಒಂದು ಊರಿನಲ್ಲಿ ಅದನ್ನು ಕಂಡವರು ಆ ಊರಿನ ಹಳೆಯ ಹೆಸರನ್ನೇ ಇಟ್ಟರು. ಎರಡು ಹೊಳೆಗಳ ನಡುವಿನ ಊರು ಎಂದು ಅರ್ಥವಂತೆ. ಈ ವಿಷಯ ಹೇಳಿದಾಗ ಅರಕಲಗೂಡಿನವರು, "ಅಂಗಾದ್ರೆ ಅದು ನಮ್ಮೂರು ಕಣ್ ಬುಡಿ. ಈ ಕಡೆ ಏಮಾವತಿ, ಆ ಕಡೆ ಕಾವೇರಿ," ಎಂದು ಎರಡೊಳೆ ಕಲ್ಲು ಎಂದು ಕರೆದರು. ನಾವೂ ಹಾಗೇ ಕರೆದೆವು.

ಅದರ ನೆರಳು ಒಂದು ಸಂಜೆ, ದೀಪ ಹಚ್ಚುವ ಹೊತ್ತು ಕಳೆದ ಮೇಲೆ, ಕರ್ನಾಟಕದ ಮೇಲೆ ಹಾಯುವುದಿತ್ತು. ದುದ್ದ, ಹಾಸನ, ಚನ್ನರಾಯಪಟ್ಟಣ ನೆರಳಿನೊಳಗೆ. ಗೊರೂರು ಒಳಗೇ, ಆದರೆ ಅಂಚಿಗೆ ಹತ್ತಿರ. ಅರಕಲಗೂಡು ಹೊರಗೆ. ಅಂಚು ಹಾಯುವುದು ಹೊಳೆನರಸೀಪುರದ ಮೇಲೆ, ನಿಖರವಾಗಿ ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಒಳಗೆ ನಿಂತವರು ನೂರಾರು ಜನ ಇರುತ್ತಾರೆ. ಬಂಡೆಯ ದಕ್ಷಿಣದ ತುದಿ ಎಲ್ಲಿ ಮುಗಿಯುತ್ತದೆ ಎಂದು ಹೇಳಬಲ್ಲವರು ಅಂಚಿನಲ್ಲಿ ನಿಂತವರು ಮಾತ್ರ. ಆ ಅಂಚಿನಲ್ಲಿ ನಮಗಿದ್ದದ್ದು ಒಂದೇ ತಾರಸಿ, ಜಯಮ್ಮನವರದು.

ಜಯಮ್ಮ ಹೈಸ್ಕೂಲಿನ ವಿಜ್ಞಾನದ ಮೇಡಂ. ಗ್ರಹಣದ ದಿನ ಮಕ್ಕಳನ್ನೆಲ್ಲ ಮೈದಾನದಲ್ಲಿ ಕೂರಿಸಿ ಮಂಡಕ್ಕಿ ತಿನ್ನಿಸಿದ ಹೆಂಗಸು. ಅದಕ್ಕೆ ಬೀದಿಯವರೆಲ್ಲ ಜಗಳಕ್ಕೆ ಬಂದಾಗ, "ನಿಮ್ ಮಕ್ಳು ಸತ್ರೆ ನನ್ನ ಕೇಳಿ, ಈಗ ನಡೀರಿ," ಎಂದು ಗೇಟು ಹಾಕಿದವರು. ಅವರ ಯಜಮಾನರು ಕೃಷ್ಣೇಗೌಡರು ಗೊರೂರಿನ ಅಣೆಕಟ್ಟೆಯಲ್ಲಿ ತೂಬಿನ ಬಾಗಿಲು ಎತ್ತಿಳಿಸುವ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿಯನ್ನು ರೇಗಿಸುವುದೇ ಅವರಿಗೆ ಉಳಿದ ಕೆಲಸ.

ನೆರಳಿನ ಹಿಂದಿನ ದಿನ ಕೃಷ್ಣೇಗೌಡರಿಗೆ ಎದೆನೋವು ಬಂದು ಹಾಸನದ ಆಸ್ಪತ್ರೆಗೆ ಸೇರಿಸಿದರು. ಹೃದಯದ ರಕ್ತನಾಳ ಮುಚ್ಚಿದೆ, ನಾಳೆ ಸಂಜೆಗೆ ಆಪರೇಷನ್ ಎಂದರು ಡಾಕ್ಟರು. ನಾನು ಓಡಿದೆ. ಜಯಮ್ಮ ಬೆಂಚಿನ ಮೇಲೆ ಕೂತಿದ್ದರು. "ನೀವು ಇಲ್ಲೇ ಇರಿ, ಅಂಚು ಹಾಳಾಗಿ ಹೋಗಲಿ," ಎಂದೆ. ಬಾಯಲ್ಲಿ ಹಾಗೆಂದೆ, ಅಷ್ಟೇ. ಆ ನಕ್ಷತ್ರವನ್ನು ಹುಡುಕಿ ಹಿಡಿಯಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ, ಗೊರೂರಿನ ತಾರಸಿ ನನ್ನ ಪಾಲಿಗಿದ್ದುದರಿಂದ ನಾನು ಅಲ್ಲಿಂದ ಕದಲುವಂತಿರಲಿಲ್ಲ.

ಒಳಗಿನಿಂದ ಕೃಷ್ಣೇಗೌಡರೇ ಕರೆದರು. ಮುಖ ಬಾಡಿತ್ತು, ನಾಲಿಗೆ ಬಾಡಿರಲಿಲ್ಲ. "ಮೇಡಂ, ಇವ್ಳನ್ನ ಕರ್ಕಂಡೋಗಿ. ಇಲ್ಲಿದ್ರೆ ಡಾಕ್ಟ್ರಿಗೇ ಪಾಠ ಮಾಡ್ತಾಳೆ," ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಓಗಿ ನೋಡ್ಕಂಡ್ ಬಾ. ನೀನು ಬರೋಗಂಟ ನಾನೆಲ್ಲೂ ಓಗಕಿಲ್ಲ ಕಣೆ," ಎಂದರು.

ಜಯಮ್ಮ ಅವರ ಹೊದಿಕೆ ಸರಿಮಾಡಿದರು. "ಬತ್ತೀನಿ," ಎಂದರು. ಅವರ ಮೈದುನ ಆಸ್ಪತ್ರೆಯಲ್ಲಿ ಉಳಿದ.

ಮರುದಿನ ಸಂಜೆ ಇನ್ನೊಂದು ತೊಡಕು. ಜಯಮ್ಮನ ಮೊಬೈಲೇ ಧ್ವನಿ ಮುದ್ರಿಸಬೇಕಾದ್ದು. ನಡುವೆ ಆಸ್ಪತ್ರೆಯಿಂದ ಕರೆ ಬಂದರೆ ಮುದ್ರಣ ನಿಲ್ಲುತ್ತದೆ. ಕರೆ ಬರದ ಹಾಗೆ ಮಾಡಿಟ್ಟುಕೊಳ್ಳಿ ಎಂದು ಹೇಳಬೇಕಾದವಳು ನಾನು. ಗೊರೂರಿನಿಂದ ಫೋನು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಕೊನೆಗೆ ಅವರೇ ಫೋನು ಮಾಡಿದರು. "ಮೊಬೈಲ್‌ಗೆ ಯಾವ ಕಾಲೂ ಬರ್ದಂಗೆ ಮಾಡಿಕ್ತಾ ಇವ್ನಿ ಮೇಡಂ. ಮೈದ್ನಂಗೆ ಪಕ್ಕದ್ಮನೆ ನಂಬ್ರ ಕೊಟ್ಟಿವ್ನಿ. ಏನಾರ ಇದ್ರೆ ಅವ್ರು ಕೂಗ್ತಾರೆ," ಎಂದರು. "ಈಗ ಒಳಿಕ್ಕೆ ಕರ್ಕಂಡೋದ್ರಂತೆ." ಅಷ್ಟೇ. ಅಲ್ಲಿಂದಾಚೆಗೆ ಪಕ್ಕದ ಮನೆಯವರು ಕೂಗಿದರೆ ಉಂಟು, ಇಲ್ಲದಿದ್ದರೆ ಅವರು ನನಗೂ ಸಿಗುವಂತಿರಲಿಲ್ಲ, ಆಸ್ಪತ್ರೆಗೂ ಸಿಗುವಂತಿರಲಿಲ್ಲ.

ಗೊರೂರಿನಲ್ಲಿ ಆಕಾಶ ತಿಳಿಯಾಗಿತ್ತು. ನಕ್ಷತ್ರ ಹೋಯಿತು, ಬಂತು. ನಾನು ಕೂಗಿದೆ. ಎಷ್ಟೋ ವರ್ಷದಿಂದ ಕೂಗಿದ ಮಾತನ್ನು ಅವತ್ತು ಮೊದಲ ಸಲ ನಾನೇ ಕಿವಿಗೊಟ್ಟು ಕೇಳಿದೆ. ಹೊಳೆನರಸೀಪುರದ ತಾರಸಿಯಲ್ಲಿ ಆ ಹೆಂಗಸು ಇದೇ ಮಾತು ಹೇಳಬೇಕಲ್ಲ, ಯಜಮಾನರು ಕತ್ತರಿಯ ಕೆಳಗಿರುವಾಗ, ಎಂದು ಆಗ ಹೊಳೆಯಿತು. ನಮ್ಮ ಕಡೆ ಸತ್ತವರಿಗೂ ಹೋದರು ಅಂತಲೇ ಅನ್ನುವುದು.

ಸಾಮಾನು ಕಟ್ಟುವಾಗ ಫೋನು ಬಂತು. ಜಯಮ್ಮ. "ಮೇಡಂ, ಕ್ಯಾಮೆರಾ ಕೈಕೊಡ್ತು, ಪರದೆ ನಿಂತೋಯ್ತು. ಅದನ್ನ ಬಿಚ್ಚಾಕಿ ಕಣ್ಣಲ್ಲೇ ನೋಡ್ದೆ. ಬಾಯಲ್ಲಿ ಯೋಳಿದ್ದಷ್ಟೇ ಐತೆ. ಮೊಬೈಲ್ನ ಪಕ್ಕದ್ಮನೆಲಿ ಬುಟ್ಟು ಆಸ್ಪತ್ರೆಗೋಯ್ತಾ ಇವ್ನಿ." ಆಪರೇಷನ್ ಇನ್ನೂ ಮುಗಿದಿರಲಿಲ್ಲ.

ಆ ಮೊಬೈಲು ತಂದು ಬೂವನಹಳ್ಳಿಯಲ್ಲಿ ಕಿವಿಗೆ ಹಾಕಿಕೊಂಡೆ. ಟಿಕ್ ಎಂದಿತು ಡಬ್ಬಿ, "ಐತೆ" ಎಂದರು ಜಯಮ್ಮ. ಮತ್ತೆ ಟಿಕ್, ಮತ್ತೆ "ಐತೆ". ಪ್ರತಿ ಟಿಕ್ಕಿಗೂ ಒಂದೊಂದು ಐತೆ, ಮೆಲ್ಲಗೆ, ಮಗುವನ್ನು ತಟ್ಟಿ ಮಲಗಿಸುವವರ ಹಾಗೆ. ನಿಮಿಷಗಟ್ಟಲೆ ಅದೇ. ಆಮೇಲೆ ಒಂದು ಟಿಕ್ಕಿಗೆ ಮಾತಿಲ್ಲ. ಇನ್ನೊಂದಕ್ಕೂ ಇಲ್ಲ. ನಾಲ್ಕೈದು ಟಿಕ್ ಬರಿದೇ ಹೋದವು, ಉಸಿರು ಕೂಡ ಕೇಳಿಸಲಿಲ್ಲ. ಆಮೇಲೆ ನಡುಗುವ ದನಿಯಲ್ಲಿ, "ಐತೆ." ಮತ್ತೆ, "ಐತೆ. ಐತೆ." ಹೋಯ್ತು ಎಂಬ ಮಾತು ಎಲ್ಲೂ ಇರಲಿಲ್ಲ. ನಾನು ಕೂತಲ್ಲೇ ಅತ್ತೆ.

ನೆರಳಿನ ಲೆಕ್ಕ ಕೂಡಿಸುವವರು ಬೇರೆ ಊರಿನವರು. ಅವರಲ್ಲೊಬ್ಬರು ಕೇಳಿ ಫೋನಿನಲ್ಲೇ ತಳ್ಳಿಹಾಕಿದರು. ನಿಗದಿಯಾದ ಎರಡು ಮಾತೂ ಇಲ್ಲ, ನಡುವೆ ವೀಕ್ಷಕರು ಸುಮ್ಮನಾಗಿದ್ದಾರೆ, ಮೈಮರೆತಿರಬಹುದು, ಸೇರಿಸಲಾಗುವುದಿಲ್ಲ ಎಂದರು. "ಮೈಮರೆಯೋಕೆ ಅವರು ಸಿನಿಮಾ ನೋಡ್ತಿರಲಿಲ್ಲ," ಎಂದು ನಾನು ಕಿರುಚಿದೆ. ಅದರಿಂದ ಏನೂ ಆಗಲಿಲ್ಲ.

ಆಗ ರಾಮಸ್ವಾಮಿಗಳಿಗೂ ನಿವೃತ್ತಿ ಹತ್ತಿರ ಬಂದಿತ್ತು. ಎರಡೇ ಮಾತು ಎಂದು ಕಟ್ಟು ಮಾಡಿದವರೇ ಅವರು. ಬೈಸಿಕೊಳ್ಳಲು ಸಿದ್ಧಳಾಗಿ ಹೋದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಗೊರೂರಿನಲ್ಲಿ ಎಷ್ಟು ಹೊತ್ತು ಹೋಗಿತ್ತು?" ಎಂದರು. ಹೇಳಿದೆ. "ಅರಕಲಗೂಡಿನಲ್ಲಿ?" "ಹೋಗಲೇ ಇಲ್ಲ ಸರ್." ಅವರು ಹಾಳೆಯ ಮೇಲೆ ಗೆರೆ ಎಳೆದರು. ಜಯಮ್ಮನ ಮೌನ ಗೊರೂರಿಗಿಂತ ಚಿಕ್ಕದು, ಅರಕಲಗೂಡಿಗಿಂತ ದೊಡ್ಡದು. ಬಂಡೆಯ ಅಂಚು ಎಲ್ಲಿ ಬಾಗಬೇಕೋ ಅಲ್ಲೇ ಬಾಗಿತು. "ಅವರು ಇರೋದನ್ನ ಹೇಳಿದಾರೆ. ಇಲ್ಲದ್ದನ್ನ ಹೇಳಿಲ್ಲ. ಇದರಲ್ಲಿ ಸುಳ್ಳೇನಿದೆ?" ಎಂದು ತಾವೇ ಆ ಊರಿಗೆ ಫೋನು ಮಾಡಿದರು. ಒಂದು ಟಿಕ್ಕಿನಷ್ಟು ಅನುಮಾನ ಎಂದು ಪಕ್ಕದಲ್ಲಿ ಬರೆದು ಲೆಕ್ಕದವರು ಸೇರಿಸಿಕೊಂಡರು. ಇವತ್ತಿಗೂ ಎರಡೊಳೆ ಕಲ್ಲಿನ ದಕ್ಷಿಣದ ತುದಿ ಇರುವುದು ಜಯಮ್ಮನ ಮೌನದ ಮೇಲೆ.

ಕೃಷ್ಣೇಗೌಡರು ಉಳಿದರು. ನೋಡಲು ಹೋದಾಗ ಜಯಮ್ಮ ನಾಚಿಕೊಂಡೇ ಹೇಳಿದರು, "ಮಕ್ಳಿಗೆಲ್ಲ ಧೈರ್ಯ ಯೋಳೋಳು ನಾನು. ಆ ಒಂದ್ ಮಾತು ಬಾಯಿಂದ ಈಚೆಗೆ ಬರ್ನಿಲ್ಲ ಮೇಡಂ. ಅಂದ್ಬುಟ್ರೆ ಅಲ್ಲೇನಾರ ಆಗೋದೇನೋ ಅನ್ನುಸ್ತು." ಹಾಸಿಗೆಯಿಂದ ಗೌಡರು, "ನಾನೊಬ್ನೇ ಅಲ್ಲ ಕಣ್ರೀ, ಇವ್ಳು ನಕ್ಷತ್ರನೂ ಓಗಾಕೆ ಬುಡಾಕಿಲ್ಲ," ಎಂದು ನಕ್ಕರು. ನಗುವಾಗ ಎದೆ ಹಿಡಿದುಕೊಂಡದ್ದು ನೋಡಿ ನಮಗಿಬ್ಬರಿಗೂ ಜೀವ ಹಾರಿತು.

ಆಮೇಲೆ ನಾನು ಎಲ್ಲರಿಗೂ ಇದೇ ರೀತಿ ಕಲಿಸಿದೆ. ನಕ್ಷತ್ರ ಇರುವಷ್ಟು ಹೊತ್ತು ಐತೆ ಎನ್ನಿ, ಇಲ್ಲದಾಗ ಸುಮ್ಮನಿರಿ. ದುದ್ದದ ರಂಗೇಗೌಡರಿಗೂ ಇದು ಒಗ್ಗಿತು. ಬಾಯಿ ಬಿಟ್ಟು ಇಲ್ಲ ಎನ್ನಬೇಕಾಗಿಲ್ಲವಲ್ಲ.

ಕೃಷ್ಣೇಗೌಡರು ಎರಡು ಮಳೆಗಾಲ ಕಳೆದರು. ಮೂರನೆಯದು ಶುರುವಾಗುವ ಮೊದಲು ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ.

ನನ್ನ ನೌಕರಿಯ ಕೊನೆಯ ನೆರಳು ಬಂದದ್ದು ಅದೇ ವರ್ಷ. ಯಾವುದೋ ಸಣ್ಣ ಕಲ್ಲು, ಆದರೆ ಹೊಳೆನರಸೀಪುರದ ಮೇಲೇ ಹಾದಿ. ಜಯಮ್ಮನನ್ನು ಕೇಳಲು ಸಂಕೋಚವಾಗಿ ನಾನೇ ನೋಡುತ್ತೇನೆ ಎಂದು ಅವರ ತಾರಸಿಗೆ ಹೋದೆ. ಅವರು ಸ್ಟೂಲು ತಂದು ತಮ್ಮ ದೂರದರ್ಶಕದ ಮುಂದೆ ತಾವೇ ಕೂತರು. ನಾನು ತಂದಿದ್ದ ಇನ್ನೊಂದು ದೂರದರ್ಶಕ, ಅದರ ಕ್ಯಾಮೆರಾ ನನ್ನ ಪಾಲಿಗೆ. "ಐತೆ ಅಂತ ಹೇಳಿ, ಸಾಕು," ಎಂದೆ.

"ಬ್ಯಾಡ ಮೇಡಂ. ಅಳೇ ರೀತೀಲೇ ಯೋಳ್ತೀನಿ. ಇನ್ನೇನು ಎದ್ರಿಕೆ ನಂಗೆ," ಎಂದರು.

ನಾನು ಪರದೆ ನೋಡುತ್ತಾ ನಿಂತೆ. ಡಬ್ಬಿ ಟಿಕ್ ಎನ್ನುತ್ತಿತ್ತು. ನಕ್ಷತ್ರ ಮಾಯವಾಯಿತು. ಅದೇ ಕ್ಷಣಕ್ಕೆ, ತರಗತಿಯಲ್ಲಿ ಹಾಜರಿ ಕೂಗುವ ಗಟ್ಟಿ ದನಿಯಲ್ಲಿ ಜಯಮ್ಮ, "ಓಯ್ತು," ಎಂದರು. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಕೆಲವು ಸೆಕೆಂಡಿಗೆ ಪರದೆಯ ಮೇಲೆ ನಕ್ಷತ್ರ ಮರಳಿತು. ಜಯಮ್ಮ ಏನೂ ಹೇಳಲಿಲ್ಲ. ಟಿಕ್ ಟಿಕ್ ಸಾಗಿತು. ದೂರದರ್ಶಕ ಅಲುಗಿತೇ, ಕಣ್ಣಿಗೆ ನೀರು ಬಂದು ಕಾಣಲಿಲ್ಲವೇ ಎಂದು ನನಗೆ ಗಾಬರಿಯಾಯಿತು. ಪಕ್ಕದಲ್ಲಿ ನಿಂತವರು ತುಟಿ ಬಿಚ್ಚಬಾರದು ಎಂದು ಜಿಲ್ಲೆಗೆಲ್ಲ ಹೇಳಿಕೊಂಡು ತಿರುಗಿದವಳು, ಬಗ್ಗಿ ಅವರ ಬೆನ್ನ ಮೇಲೆ ಕೈ ಇಟ್ಟೆ. "ಜಯಮ್ಮ, ಬಂದಿದೆ ನೋಡಿ," ಎಂದೆ.

ಅವರು ಕಣ್ಣು ತೆಗೆಯಲಿಲ್ಲ. "ಕಾಣ್ತಾ ಐತೆ ಮೇಡಂ," ಎಂದರು. "ಬಂತು ಅನ್ನಾಕೆ ಆಯ್ತಾ ಇಲ್ಲ."

ಆ ಧ್ವನಿಮುದ್ರಣವನ್ನು ನನ್ನ ಮಾತನ್ನೂ ಅಳಿಸದೆ ಲೆಕ್ಕದವರಿಗೆ ಹಾಗೇ ಕಳಿಸಿದೆ.